ಏರಿಯ ಮೇಲಿನ ಹಿಪ್ಪುನೇರಳೆ

ದೋಣಿಮನೆ,
ಫೆಬ್ರವರಿ 9

ಪ್ರೀತಿಯ ಸೊಸೆಗೆ,

ನೀನು ಕಳಿಸಿದ ಉಣ್ಣೆಯ ಕಾಲುಚೀಲಗಳು ಬಂದವು. ಒಂದು ಜೊತೆ ಸಾಕು ಎಂದರೆ ಮೂರು ಜೊತೆ ಕಳಿಸಿದ್ದೀಯ. ನನಗೇನು ಆರು ಕಾಲುಗಳಿವೆಯೇ? ಬೈಯುತ್ತಲೇ ಹಾಕಿಕೊಂಡೆ, ಹಾಕಿಕೊಂಡ ಮೇಲೆ ಬೈಯಲು ಬಾಯಿ ಬರಲಿಲ್ಲ. ಬೆಳಗಿನ ಹೊತ್ತು ದೋಣಿ ಕಟ್ಟುವ ಹಲಗೆ ಎಷ್ಟು ತಣ್ಣಗಿರುತ್ತದೆಂದು ನಿನಗೆ ಗೊತ್ತಲ್ಲ. ಈಗ ಅದರ ಮೇಲೆ ಮಹಾರಾಣಿಯ ಹಾಗೆ ನಡೆದಾಡುತ್ತಿದ್ದೇನೆ. ನಿನಗೆ ಒಳ್ಳೆಯದಾಗಲಿ.

ನೀನು ಫೋನು ಮಾಡಿ ಮಾಡಿ ಸಾಕಾಗಿ ಇಟ್ಟೆಯೆಂದು ಪಕ್ಕದ ಲಾಂಡ್ರಿಯವಳು ಹೇಳಿದಳು. ಅದರಲ್ಲಿ ನನಗೆ ಅರ್ಧ ಮಾತು ಕೇಳುತ್ತದೆ, ಉಳಿದರ್ಧವನ್ನು ನಾನೇ ಊಹಿಸಿಕೊಂಡು ಸಿಟ್ಟು ಮಾಡಿಕೊಳ್ಳುತ್ತೇನೆ. ಕಾಗದವೇ ವಾಸಿ. ಸಿಟ್ಟು ಬಂದರೂ ಓದಿ ಮುಗಿಸಿದ ಮೇಲೆ ಬರುತ್ತದೆ.

ದೋಣಿಗಳಿಗೆಲ್ಲ ಬಣ್ಣ ಬಳಿದಾಯಿತು. ನಮ್ಮ 'ಗಡವ' ದೋಣಿ ಮಾತ್ರ ಈ ವರ್ಷವೂ ಎಡಕ್ಕೇ ಎಳೆಯುತ್ತಿದೆ. ಎಷ್ಟು ನೆಟ್ಟಗೆ ಹುಟ್ಟು ಹಾಕಿದರೂ ಜೊಂಡಿನೊಳಗೆ ಹೋಗಿ ಮೂಗು ತೂರಿಸುತ್ತದೆ. ನನ್ನ ಮಗ ಇದ್ದಾಗ "ನಾಳೆ ಸರಿಮಾಡ್ತೀನಿ ಬಿಡಮ್ಮ" ಎನ್ನುತ್ತಿದ್ದ. ಅವನು ಹೋಗಿ ಹನ್ನೊಂದು ವರ್ಷವಾಯಿತು, ಈಗ ಬೇರೆಯವರಿಂದ ಸರಿಮಾಡಿಸಲು ನನಗೇ ಮನಸ್ಸಿಲ್ಲ. ಹೊಸದಾಗಿ ಮದುವೆಯಾದವರು ಬಂದರೆ ಅದನ್ನೇ ಕೊಡುತ್ತೇನೆ. ಜೊಂಡಿನಲ್ಲಿ ಸಿಕ್ಕಿಹಾಕಿಕೊಂಡರೆ ಅವರಿಗೇನೂ ಬೇಸರವಿಲ್ಲ.

ಕೆರೆಕಟ್ಟೆ ನೋಡುವ ಎಂಜಿನಿಯರಮ್ಮ ಬಂದಿದ್ದಳು. ಚುರುಕು ಹುಡುಗಿ, ಬೂಟು ಕೆಸರಾದರೆ ಲೆಕ್ಕವಿಲ್ಲ. ಏರಿಯ ಹಿಂಬದಿಯಲ್ಲಿ, ಮಕ್ಕಳ ಆಟದ ಮೈದಾನದ ಕಡೆ, ಬುಡದಲ್ಲಿ ನೆಲ ಹಸಿಯಾಗಿದೆಯಂತೆ. ಅಲ್ಲಿ ಸೊಗಸಾಗಿ ಹುಲ್ಲು ಬೆಳೆದಿದೆ ಎಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು. ಅವಳು ನೋಡಿ ಹಣೆ ಚಚ್ಚಿಕೊಂಡಳು. ಆಮೇಲೆ ಏರಿ ಹತ್ತಿ ಒಂದೊಂದೇ ಮರದ ಬುಡಕ್ಕೆ ಹೋಗಿ ನಿಂತಳು, ಏನೋ ಹೇಳಿ ಹೋದಳು. ಇರಲಿ.

ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು.

ನಿನ್ನ ಅತ್ತೆ

*

ಫೆಬ್ರವರಿ 19

ಅತ್ತೆಗೆ ನಮಸ್ಕಾರಗಳು.

ಕಾಲುಚೀಲ ಮೂರು ಜೊತೆ ಕಳಿಸಿದ್ದು ನೀವು ಒಂದನ್ನು ಲಾಂಡ್ರಿಯವರಿಗೆ ಕೊಡುತ್ತೀರಿ, ಇನ್ನೊಂದನ್ನು 'ಹೊಸದಾಗಿದೆ' ಎಂದು ಎತ್ತಿಡುತ್ತೀರಿ ಎಂದು ತಿಳಿದೇ.

ಈ ಸಲ ನನ್ನ ಈಜಿನ ತರಗತಿಯಲ್ಲಿ ಅಜ್ಜಿಯರೇ ಹೆಚ್ಚು. ಕೊಳಕ್ಕಿಳಿದ ಕೂಡಲೇ ಕೈಕಾಲಿಗಿಂತ ಮೊದಲು ಅವರ ಬಾಯಿ ಆಡಲು ಶುರು. ಒಬ್ಬರು ತೇಲುತ್ತಲೇ ಮಗಳ ಮನೆಯ ಜಗಳ ಹೇಳುತ್ತಾರೆ, ಇನ್ನೊಬ್ಬರು ಮುಳುಗುತ್ತ ಸಮಾಧಾನ ಮಾಡುತ್ತಾರೆ. ಇವರನ್ನು ನೋಡಿದಾಗಲೆಲ್ಲ ನಿಮ್ಮ ನೆನಪಾಗುತ್ತದೆ. ಅವತ್ತು ನೀವು ನನ್ನ ಪೆಟ್ಟಿಗೆ ಕಟ್ಟಿ, "ಈ ಕೆಲಸ ಬಿಟ್ರೆ ನಿನ್ನ ಮುಖ ನೋಡಲ್ಲ" ಎಂದು ಹೆದರಿಸಿ ಬಸ್ಸು ಹತ್ತಿಸದಿದ್ದರೆ ನನಗೆ ಈ ಕೊಳವೂ ಇಲ್ಲ, ಈ ಅಜ್ಜಿಯರೂ ಇಲ್ಲ, ಈ ಮನೆಯೂ ಇಲ್ಲ. ಇದನ್ನು ನಿಮಗೆ ಹೇಳಿದ್ದೇನೋ ಇಲ್ಲವೋ. ಹೇಳಿದ್ದರೂ ಇನ್ನೊಮ್ಮೆ ಹೇಳಿದರೆ ನಷ್ಟವಿಲ್ಲ.

ನಮ್ಮ ಯಜಮಾನರು ಚೆನ್ನಾಗಿದ್ದಾರೆ. ಹಲ್ಲಿನ ಸೆಟ್ಟು ಮಾಡುವ ಕೆಲಸ ಈಗೀಗ ಮನೆಗೂ ಬರುತ್ತಿದೆ. ನಿನ್ನೆ ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಯಾರದೋ ಎರಡು ಸಾಲು ಹಲ್ಲು ನನ್ನನ್ನು ನೋಡಿ ನಗುತ್ತಿದ್ದವು. ಇವರ ಈಜು ಮಾತ್ರ ಇನ್ನೂ ಎದೆಮಟ್ಟದ ನೀರಿನಲ್ಲೇ ನಿಂತಿದೆ. ಕಲಿಯಲು ಬಂದವರು ಕಲಿಸುವವಳನ್ನು ಮದುವೆಯಾಗಿ ಪಾಠ ಮರೆತರು.

ನಿಮ್ಮ "ಇರಲಿ" ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಿಮ್ಮ ಜೊತೆ ಆರೇಳು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವಳು ನಾನು. ನೀವು "ಇರಲಿ" ಎಂದರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ಎಂಜಿನಿಯರಮ್ಮ ಮರಗಳ ಬಗ್ಗೆ ಏನು ಹೇಳಿದರು? ನಮ್ಮ ಮರದ ಹತ್ತಿರವೂ ನಿಂತಿದ್ದರೇ?

ನಿಮ್ಮ ಸೊಸೆ

*

ದೋಣಿಮನೆ,
ಮಾರ್ಚ್ 2

ಸೊಸೆಗೆ,

ಕೇಳಿದ ಮೇಲೆ ಮುಚ್ಚಿಡುವುದೇನು. ಎಲ್ಲ ಮರಗಳನ್ನೂ ತೆಗೆಯಬೇಕಂತೆ. ನಮ್ಮ ಹಿಪ್ಪುನೇರಳೆಯನ್ನೂ.

ಊರಿನಲ್ಲಿ ಯಾರು ತೀರಿಕೊಂಡರೂ ಏರಿಯ ಮೇಲೆ ಅವರ ಹೆಸರಿಗೆ ಒಂದು ಸಸಿ ನೆಡುವುದು ಈಗ ಮಾಮೂಲಾಗಿಬಿಟ್ಟಿದೆ. ಶುರು ಮಾಡಿದವರು ನಾವಿಬ್ಬರು. ಆಸ್ಪತ್ರೆಗೆ ಹೋದ ಮಗ ಮನೆಗೆ ಬರಲಿಲ್ಲ. ಆ ವಾರ ನೀನು ಯಾರಿಗೂ ಹೇಳದೆ ಗುದ್ದಲಿ ಹಿಡಿದು ಏರಿಗೆ ಹೊರಟೆ, ನಾನು ಸಸಿ ಹಿಡಿದು ಹಿಂದೆ ಬಂದೆ. ಅಲ್ಲಿಂದ ಕೆರೆಯೆಲ್ಲ ಕಾಣುತ್ತದೆ, ದೋಣಿಗಳೆಲ್ಲ ಕಾಣುತ್ತವೆ, ಅವನಿಗೆ ಇಷ್ಟದ ಜಾಗ. ನಮ್ಮನ್ನು ನೋಡಿ ಬೇಕರಿಯವರು ತಂದೆಗೆಂದು ನೆಟ್ಟರು, ಕ್ಷೌರದವರು ಅಣ್ಣನಿಗೆ, ಗಾಳದ ಮಾಸ್ತರು ಹೆಂಡತಿಗೆ. ಬೋಳು ಏರಿ ತೋಪಾಯಿತು. ವಿಹಾರಕ್ಕೆ ಬಂದವರೆಲ್ಲ ಎಷ್ಟು ಚೆಂದ ಎಂದು ಹೊಗಳಿದರು. ಮಣ್ಣಿನ ಏರಿಯ ಮೇಲೆ ಹುಲ್ಲು ಬಿಟ್ಟು ಬೇರೇನೂ ಬೆಳೆಯಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

"ಅಮ್ಮಾ, ಬೇರು ನೀರು ಹುಡುಕ್ಕೊಂಡು ಏರಿ ಹೊಟ್ಟೆ ಒಳಗೇ ಹೋಗುತ್ತೆ. ಮರ ಬದುಕಿದ್ರೂ ಕಷ್ಟ, ಸತ್ರೆ ಇನ್ನೂ ಕಷ್ಟ. ಬೇರು ಕೊಳೆತ ಜಾಗ ಟೊಳ್ಳಾಗುತ್ತೆ, ನೀರು ಅಲ್ಲೇ ದಾರಿ ಮಾಡ್ಕೊಳ್ಳುತ್ತೆ" ಎಂದಳು ಎಂಜಿನಿಯರಮ್ಮ. ಮೆಲ್ಲಗೇ ಹೇಳಿದಳು. ನಾನು ಮಾತ್ರ ಮೆಲ್ಲಗೆ ಕೇಳಿಸಿಕೊಳ್ಳಲಿಲ್ಲ. "ನೀನು ಕಡಿಯೋದು ಮರ ಅಂದ್ಕೊಂಡಿದೀಯಾ?" ಎಂದು ಕೂಗಾಡಿಬಿಟ್ಟೆ. ಪಾಪ, ತಲೆ ತಗ್ಗಿಸಿ ನಿಂತಿದ್ದಳು.

ಭಾನುವಾರ ಸಭೆ ಸೇರಿತು, ನಮ್ಮ ದೋಣಿಮನೆಯಲ್ಲೇ. ಗಾಳದ ಮಾಸ್ತರು ನಿನಗೆ ನೆನಪಿರಬೇಕು, ಶಾಲೆಯಿಂದ ನಿವೃತ್ತಿಯಾದ ಮೇಲೆ ದಿನವಿಡೀ ಗಾಳ ಹಾಕಿ ಕೂತು ಇವತ್ತಿನವರೆಗೆ ಒಂದು ಮೀನನ್ನೂ ಮನೆಗೆ ಒಯ್ಯದ ಪುಣ್ಯಾತ್ಮ. ಎದ್ದು ನಿಂತು, "ಮೊದಲು ನನ್ನನ್ನ ಕಡೀರಿ, ಆಮೇಲೆ ಮರ ಕಡೀರಿ" ಎಂದರು. ಬೇಕರಿಯವರು, "ಮಾಸ್ತರೇ, ನಿಮ್ಮನ್ನ ಕಡಿದ್ರೆ ಏರಿ ಗಟ್ಟಿಯಾಗಲ್ವಲ್ಲ" ಎಂದರು. ಎಲ್ಲರೂ ನಕ್ಕೆವು. ಕೊನೆಗೆ ಎಲ್ಲರೂ ತಿರುಗಿ ನನ್ನ ಮುಖ ನೋಡಿದರು. "ಮೊದಲು ನೆಟ್ಟವರು ನೀವು. ನೀವು ಹೂಂ ಅಂದ್ರೆ ನಮ್ಮದೂ ಹೂಂ."

ಆಗೋದಿಲ್ಲ ಎಂದು ಹೇಳಿ ಚಹಾ ಕಾಯಿಸಲು ಎದ್ದುಹೋದೆ.

ನಿನ್ನ ಅತ್ತೆ

*

ಮಾರ್ಚ್ 10

ಅತ್ತೆಗೆ ನಮಸ್ಕಾರಗಳು.

ಆಗೋದಿಲ್ಲ ಎಂದದ್ದು ಸರಿಯಾಯಿತು. ಬಿಟ್ಟುಕೊಡಬೇಡಿ. ಇಷ್ಟು ವರ್ಷ ನಿಂತ ಏರಿ ಒಂದು ಮರದಿಂದ ಬಿದ್ದುಹೋಗುತ್ತದೆಯೇ? ಬೇರು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಮಾಸ್ತರೂ ಅದನ್ನೇ ಕಲಿಸಿರಬೇಕು.

ಈ ಹೊತ್ತಿಗೆ ಅದು ಚಿಗುರಿರಬೇಕಲ್ಲವೇ? ಹಣ್ಣು ಬಿಟ್ಟರೆ ಬರೆಯಿರಿ. ಮಕ್ಕಳು ನೇರಳೆ ಬಾಯಿ ಮಾಡಿಕೊಂಡು ಬಂದು ದೋಣಿಯ ಬಿಳೀ ಬಣ್ಣಕ್ಕೆಲ್ಲ ಕೈ ಒರೆಸುವುದು, ನೀವು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುವುದು, ಎಲ್ಲ ಇಲ್ಲಿಂದಲೇ ಕಾಣುತ್ತದೆ ನನಗೆ.

ಅವಸರದಲ್ಲಿ ಬರೆದಿದ್ದೇನೆ. ಅಜ್ಜಿಯರು ಕಾಯುತ್ತಿದ್ದಾರೆ.

ನಿಮ್ಮ ಸೊಸೆ

*

ದೋಣಿಮನೆ,
ಮಾರ್ಚ್ 24

ಸೊಸೆಗೆ,

ಈ ಕಾಗದವನ್ನು ಕೂತು ಓದು.

ಎಂಜಿನಿಯರಮ್ಮ ಮತ್ತೆ ಬಂದಳು. ಬೈಸಿಕೊಂಡು ಹೋದವಳು ಬರಲಾರಳು ಎಂದುಕೊಂಡಿದ್ದೆ. ಬಾಗಿಲಲ್ಲಿ ನಿಂತು, "ಅಮ್ಮಾ, ಒಂದ್ಸಲ ನನ್ನ ಜೊತೆ ಹಿಂಬದಿಗೆ ಬನ್ನಿ. ನೋಡಿ ಆದ್ಮೇಲೂ ಬೈಬೇಕು ಅನ್ನಿಸಿದ್ರೆ ಬೈರಿ" ಎಂದಳು. ಹಾಗೆ ಕರೆದರೆ ಹೋಗದೆ ಇರುವುದು ಹೇಗೆ?

ಕ್ಷೌರದವರು ಅಣ್ಣನಿಗೆಂದು ನೆಟ್ಟ ಮರ ಗಾಳಿಗೆ ಬಿದ್ದದ್ದು ನಿನಗೆ ಗೊತ್ತು. ಬುಡವನ್ನು ಹಾಗೇ ಬಿಟ್ಟಿದ್ದೆವು, ಅದರ ಮೇಲೆ ಕೂತು ಜನ ಕೆರೆ ನೋಡುತ್ತಿದ್ದರು. ಏರಿಯ ಹಿಂಬದಿಯಲ್ಲಿ ಅದರ ನೇರಕ್ಕೆ ಅವಳು ಸ್ವಲ್ಪ ಅಗೆಸಿದ್ದಳು. ಕೊಳೆತ ಬೇರಿನ ತೂತು ಕಂಡಿತು. "ನಿಮ್ಮ ಊರುಗೋಲು ಹಾಕಿ ನೋಡಿ" ಎಂದಳು. ಹಾಕಿದೆ. ಕೈಹಿಡಿಯವರೆಗೂ ಹೋಯಿತು. ಆಮೇಲೆ ನನ್ನ ಚಹಾದ ಗಾಜಿನ ಲೋಟದಲ್ಲಿ ಅಲ್ಲಿ ಜಿನುಗುವ ನೀರನ್ನು ಹಿಡಿದು ಬಿಸಿಲಿಗೆ ಎತ್ತಿದಳು. "ತಿಳಿನೀರಾಗಿದ್ರೆ ನಾನು ಇಷ್ಟು ಹೆದರ್ತಿರ್ಲಿಲ್ಲ. ಇದು ಕೆಂಪಗಿದೆ ನೋಡಿ. ಏರಿ ಮಣ್ಣೇ ಕರಗಿ ಬರ್ತಿದೆ."

ಅಷ್ಟರಲ್ಲಿ ಮೈದಾನದಿಂದ ಒಂದು ಚೆಂಡು ಉರುಳಿ ಬಂದು ನನ್ನ ಕಾಲಿಗೆ ತಗುಲಿತು. ಲಾಂಡ್ರಿಯವಳ ಮೊಮ್ಮಗಳು ಅದರ ಹಿಂದೆಯೇ ಓಡಿಬಂದು ಕೈಚಾಚಿದಳು. ಚೆಂಡು ಕೊಟ್ಟೆ. ಅವಳು ಓಡಿಹೋದಳು. ನಾನು ತಲೆ ಎತ್ತಿ ನೋಡಿದೆ. ನಮ್ಮ ತಲೆಯ ಮೇಲೆ ಏರಿ, ಏರಿಯ ಆಚೆ ಕೆರೆ ತುಂಬ ನೀರು. ಈ ಊರಿನಲ್ಲಿ ಹುಟ್ಟಿ ಮುದುಕಿಯಾದರೂ ನಾನು ಕೆರೆಯನ್ನು ಯಾವತ್ತೂ ಕೆಳಗಿನಿಂದ ನೋಡಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ ಕಣೆ. ಅವಳ ಕೈ ಹಿಡಿದುಕೊಂಡೆ.

ಈಗ ಇರುವುದು ಎರಡೇ ದಾರಿ. ಹೇಗೂ ತೂಬು ತೆರೆದು ನೀರು ಇಳಿಸುತ್ತಾರೆ. ಮಳೆಗೆ ಮೊದಲು ಮರಗಳನ್ನು ಬೇರುಸಹಿತ ತೆಗೆದು ಏರಿಯನ್ನು ಗಟ್ಟಿ ಮಾಡಿದರೆ ಕೆರೆ ಮತ್ತೆ ತುಂಬುತ್ತದೆ. ಇಲ್ಲದಿದ್ದರೆ ಏರಿಯನ್ನೇ ಒಡೆದು ಸಮ ಮಾಡಿಬಿಡುತ್ತಾರೆ, ಮತ್ತೆ ಕೆರೆ ಇರುವುದಿಲ್ಲ. ಹೊಲಕ್ಕೆ ನೀರು ಕೊಡಲಿಕ್ಕಲ್ಲ, ಕರೆಂಟಿಗೂ ಅಲ್ಲ, ಬರೀ ಆಡಲಿಕ್ಕೆ, ಈಜಲಿಕ್ಕೆ, ಸುಮ್ಮನೆ ಕೂತು ನೋಡಲಿಕ್ಕೆ ಎಂದು ಹಿರಿಯರು ಕಟ್ಟಿದ ಕೆರೆ ಇದು. ಹೋದರೆ ಮತ್ತೆ ಯಾರು ಕಟ್ಟುತ್ತಾರೆ?

ನನ್ನ ಮನಸ್ಸು ಹೂಂ ಎಂದಿದೆ. ಆದರೆ ಅವನು ನನ್ನೊಬ್ಬಳ ಮಗನಾಗಿರಲಿಲ್ಲ, ನಿನ್ನ ಗಂಡನೂ ಆಗಿದ್ದ. ಗುಂಡಿ ತೋಡಿದವಳು ನೀನು. ನೀನು ಹೂಂ ಅನ್ನುವವರೆಗೆ ನಾನು ಸಭೆಯಲ್ಲಿ ಬಾಯಿ ಬಿಡುವುದಿಲ್ಲ.

ನಿನ್ನ ಅತ್ತೆ

*

ಏಪ್ರಿಲ್ 1

ಅತ್ತೆಗೆ,

ಬರೆದು ಬರೆದು ಹರಿದುಹಾಕಿದೆ. ಇದನ್ನು ಹರಿಯದೆ ಕಳಿಸುತ್ತಿದ್ದೇನೆ.

ನನ್ನಿಂದ ಹೂಂ ಅನ್ನಲಾಗದು.

ನಾನು ಊರು ಬಿಟ್ಟ ದಿನ ನೀವು ಬಸ್ ನಿಲ್ದಾಣಕ್ಕೆ ಬರಲಿಲ್ಲ, ಏರಿಯ ಮೇಲೆ ನಿಂತಿದ್ದಿರಿ. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಿಂದ ನೋಡಿದೆ. ಒಂದು ಕೈಯನ್ನು ಆ ಮರದ ಮೇಲಿಟ್ಟು ಇನ್ನೊಂದು ಕೈ ಬೀಸುತ್ತಿದ್ದಿರಿ. ಅತ್ತೆ ಒಬ್ಬರೇ ಅಲ್ಲ, ಅವರು ಜೊತೆಗಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಇಲ್ಲಿ ಕೆಲಸ ಮಾಡಿದ್ದು, ಮದುವೆಯಾದದ್ದು, ನಕ್ಕದ್ದು, ರಾತ್ರಿ ನಿದ್ದೆ ಮಾಡಿದ್ದು. ಈಗ ಅದನ್ನು ಕಡಿದರೆ ನಾನು ನಿಮ್ಮನ್ನು ಒಂಟಿಯಾಗಿ ಬಿಟ್ಟು ಬಂದವಳೇ ಆಗಿಬಿಡುತ್ತೇನೆ.

ಬೇರೆಯವರ ಮರ ತೆಗೆಯಲಿ, ನಮ್ಮದೊಂದನ್ನು ಬಿಡಲಿ ಎಂದು ಕೇಳುವಷ್ಟು ಸ್ವಾರ್ಥಿ ನಾನೆಂದು ನನಗೇ ಗೊತ್ತಿರಲಿಲ್ಲ. ಕೇಳುತ್ತಿದ್ದೇನೆ. ಒಂದು ಮಾತು ಕೇಳಿ ನೋಡುತ್ತೀರಾ?

ಮಕ್ಕಳ ವಿಷಯ ಓದಿ ಭಯವಾಯಿತು. ಆದರೂ ಕೇಳುತ್ತಿದ್ದೇನೆ. ನೀವೇ ನೋಡಿ, ಹೇಗಾಗಿದ್ದೇನೆ.

ನಿಮ್ಮ ಸೊಸೆ

*

ದೋಣಿಮನೆ,
ಏಪ್ರಿಲ್ 8

ನನ್ನ ಸೊಸೆಗೆ,

ಕೇಳಿದೆ. ನೀನು ಹೇಳಿದ್ದಕ್ಕೆ ಕೇಳಿದೆ. ಒಂದು ಮರ ಬಿಟ್ಟರೆ ಒಂದು ತೂತು ಬಿಟ್ಟ ಹಾಗೆ ಎಂದಳು ಎಂಜಿನಿಯರಮ್ಮ. ನಮ್ಮದೇ ಎಲ್ಲಕ್ಕಿಂತ ದೊಡ್ಡದು, ನಟ್ಟನಡುವೆ ಬೇರೆ ಇದೆ.

ಇನ್ನು ನನ್ನ ಮಾತು ಕೇಳು. ಎದುರಿಗಿದ್ದಾಗ ಇದನ್ನೆಲ್ಲ ಹೇಳಲು ನನಗೆ ಬರಲಿಲ್ಲ. ಎದುರಿಗಿದ್ದವರಿಗೆ ಬೈಯುವುದಷ್ಟೇ ನನಗೆ ಬರುವುದು.

ಅವನು ಹೋದಾಗ ನಿನ್ನ ತವರಿನವರು ಕಾರು ತಂದು ಅಂಗಳದಲ್ಲಿ ನಿಲ್ಲಿಸಿಕೊಂಡು ಕಾದರು. ನೀನು ಹೋಗಲಿಲ್ಲ. ಸಸಿ ನೆಟ್ಟು ಬಂದ ಮೇಲೆ ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ದೋಣಿಗಳನ್ನು ನೀರಿಗಿಳಿಸಿದವಳು ನೀನು. ನನ್ನ ತಲೆ ಬಾಚಿ, ಗಂಜಿ ಕುಡಿಸಿ, ಕುಡಿಯದಿದ್ದರೆ ಗದರಿಸಿದವಳು ನೀನು. ನಿನ್ನ ವಯಸ್ಸೆಷ್ಟು ಆಗ? ಹೋದವನು ನಿನಗೂ ಹೋಗಿದ್ದ. ನಿನಗೆ ಯಾರು ಗಂಜಿ ಕುಡಿಸಿದರು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ಒಂದು ದಿನ ನನ್ನನ್ನು ದರದರ ಎಳೆದುಕೊಂಡು ಹೋಗಿ ಗಡವದಲ್ಲಿ ಕೂರಿಸಿದೆ. ಅದು ತನ್ನ ಬುದ್ಧಿ ಬಿಡದೆ ಜೊಂಡಿಗೆ ನುಗ್ಗಿ ಸಿಕ್ಕಿಕೊಂಡಿತು. ನೀನು ತಳ್ಳಿದೆ, ಎಳೆದೆ, ಕೊನೆಗೆ ಹುಟ್ಟು ಬಿಸಾಕಿ ನಗಲು ಶುರುಮಾಡಿದೆ. ನಾನೂ ನಕ್ಕೆ. ಅವನು ಹೋದ ಮೇಲೆ ಮೊದಲ ಸಲ. ನಕ್ಕ ಕೂಡಲೇ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೆ. ನೀನು ನನ್ನ ಕೈ ಸರಿಸಿ, "ನಗಿ ಅತ್ತೆ, ಇಲ್ಲಿ ಯಾರೂ ನೋಡ್ತಿಲ್ಲ" ಎಂದೆ. ಆಗ ಏರಿಯ ಮೇಲಿನ ಮರ ಇನ್ನೂ ಮೊಣಕಾಲೆತ್ತರದ ಗಿಡ. ನನ್ನನ್ನು ಬದುಕಿಸಿದ್ದು ಅದಲ್ಲ ಕಣೆ, ನೀನು.

ಅಂಥವಳನ್ನು ನಾನೇ ಕಳಿಸಿದೆ. ನೀನು ಬಿಟ್ಟು ಹೋಗಲಿಲ್ಲ, ನಾನು ತಳ್ಳಿದ್ದಕ್ಕೆ ಹೋದೆ. ನನ್ನ ಜೊತೆ ಇದ್ದಿದ್ದರೆ ನೀನೂ ನನ್ನ ಹಾಗೆ ಊರುಗೋಲು ಹಿಡಿಯುತ್ತಿದ್ದೆ, ಸ್ವಲ್ಪ ಬೇಗನೆ. ನಿನ್ನ ಮದುವೆಗೆ ನಾನು ಬರಲಿಲ್ಲ. ದೋಣಿಗೆ ಜನ ಜಾಸ್ತಿ ಎಂದು ಬರೆದಿದ್ದೆ. ಅವತ್ತು ದೋಣಿಮನೆಗೆ ಬೀಗ ಹಾಕಿ ಅದೇ ಮರದ ಕೆಳಗೆ ಕೂತಿದ್ದೆ. ಅತ್ತದ್ದೂ ನಿಜ, ಅತ್ತ ಮೇಲೆ ಮನಸ್ಸು ಹಗುರಾದದ್ದೂ ನಿಜ. ನಿನ್ನ ಋಣ ದೊಡ್ಡದು. ನೀನು ಸುಖವಾಗಿದ್ದೀಯ ಎಂದು ಓದಿದಾಗಲೆಲ್ಲ ಅದರಲ್ಲಿ ಒಂದಿಷ್ಟು ತೀರಿತು ಅಂದುಕೊಳ್ಳುತ್ತೇನೆ.

ಇನ್ನು ನಾನು ಕೇಳುವುದಿಲ್ಲ. ನೀನು ಹೂಂ ಅಂದರೆ ಕೆರೆ ಉಳಿಯುತ್ತದೆ. ಅನ್ನದಿದ್ದರೆ ದೋಣಿಗಳನ್ನು ಯಾರಿಗಾದರೂ ಕೊಟ್ಟು ಸುಮ್ಮನೆ ಮನೆಯಲ್ಲಿ ಕೂರುತ್ತೇನೆ. ಎರಡರಲ್ಲಿ ಯಾವುದಾದರೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಾಯಿತೇ?

ನಿನ್ನ ಅತ್ತೆ

*

ದೋಣಿಮನೆ,
ಮೇ 11

ಸೊಸೆಗೆ,

ನಿನ್ನ ಕಾಗದಕ್ಕೆ ಕಾದೆ. ಬಂದದ್ದು ನಿನ್ನ ಗಂಡ.

ಅವನು ನಿನಗೆ ಎಷ್ಟು ಹೇಳಿದ್ದಾನೋ ಗೊತ್ತಿಲ್ಲ. ಮಾತು ಅಳೆದು ಆಡುವ ಮನುಷ್ಯ. ಅದಕ್ಕೇ ಬರೆಯುತ್ತಿದ್ದೇನೆ.

ತೂಬು ತೆರೆದು ನೀರು ಇಳಿಸಿಯಾಗಿತ್ತು. ದೋಣಿಗಳೆಲ್ಲ ಕೆಸರಿನಲ್ಲಿ ಪಕ್ಕಕ್ಕೆ ವಾಲಿಕೊಂಡು ಬಿದ್ದಿದ್ದವು. ನಾನು ಹಲಗೆಯ ಮೇಲೆ ಕೂತು ಅವನ್ನು ನೋಡುತ್ತಿದ್ದೆ. ತೆಳ್ಳಗಿನ ಒಬ್ಬ ಬಂದು ಕನ್ನಡಕ ಒರೆಸಿಕೊಂಡು, "ನಾನು ಈಜು ಮೇಡಂ ಅವರ ಯಜಮಾನ" ಎಂದ. ಹೆಂಡತಿಯನ್ನು ಮೇಡಂ ಅನ್ನುವ ಗಂಡನನ್ನು ನಾನು ನೋಡಿದ್ದು ಅದೇ ಮೊದಲು.

"ಈಜು ಬರುತ್ತಾ?" ಎಂದು ಕೇಳಿದೆ.

"ಎದೆಮಟ್ಟದವರೆಗೆ."

"ಜಾಣ. ಕೆರೆ ಖಾಲಿ ಆದ್ಮೇಲೆ ಬಂದಿದೀಯ."

ನಕ್ಕ. ಅವನು ಎದುರಿಗೆ ಬಂದರೆ ಹೀಗೆ ಮುಖ ತಿರುಗಿಸಬೇಕು, ಹಾಗೆ ಬಿಗಿಯಾಗಿರಬೇಕು ಎಂದು ನಾಲ್ಕು ವರ್ಷದಿಂದ ಅಂದುಕೊಂಡದ್ದೆಲ್ಲ ಎಲ್ಲಿ ಹೋಯಿತೋ ಕಾಣೆ. "ಊಟ ಆಯ್ತಾ?" ಎಂದುಬಿಟ್ಟೆ.

ಊಟಕ್ಕೆ ಕೂತ ಮೇಲೆ ತಟ್ಟೆ ನೋಡುತ್ತ ಹೇಳಿದ. "ಅವಳು ಹೂಂ ಅಂದಿದಾಳೆ ಅಮ್ಮಾ. ಬರೆಯೋಕೆ ಕೂತ್ಕೊಳ್ಳೋದು, ಎದ್ದು ಹೋಗೋದು. ಬರೋಕೂ ಆಗಲಿಲ್ಲ ಅವಳಿಗೆ. 'ನೀವು ಹೋಗಿ ಬಾಯಲ್ಲೇ ಹೇಳಿ, ಕಡಿಯೋ ದಿನ ಅತ್ತೆ ಪಕ್ಕ ನಿಂತ್ಕೊಳ್ಳಿ' ಅಂದಳು." ನೀನು ಅತ್ತಿದ್ದೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಎದ್ದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದೆ.

ಸಂಜೆ ಸಭೆಯಲ್ಲಿ ನಾನು ಹೂಂ ಎಂದೆ, ಉಳಿದವರೂ ಹೂಂ ಎಂದರು. ಮರ ಹಣ್ಣು ತುಂಬಿಕೊಂಡು ನಿಂತಿತ್ತು. ಕಡಿಯುವ ಮುನ್ನ ಕೊಯ್ಯೋಣ ಎಂದೆ. ಲಾಂಡ್ರಿಯವಳು ಒಗೆದ ಚಾದರಗಳನ್ನೇ ತಂದು ಕೆಳಗೆ ಹಿಡಿದಳು, ಕಲೆ ಹೋಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಿಡಿದಳು. ನಿನ್ನ ಗಂಡ ಮರ ಹತ್ತಿ ಅಲುಗಿಸಿದ. ನೀರಿಗೆ ಹೆದರುವವನಿಗೆ ಎತ್ತರದ ಭಯ ಮಾತ್ರ ಇಲ್ಲ. ಮೈದಾನದ ಮಕ್ಕಳೆಲ್ಲ ಬಂದು ತಿಂದರು. ಪೊರಕೆ ಹಿಡಿಯಲಿಲ್ಲ ನಾನು.

ಆಮೇಲೆ ಕಡಿದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಾಳದ ಮಾಸ್ತರು ತಮ್ಮ ಹೆಂಡತಿಯ ಮರ ಬೀಳುವಾಗ ಟೋಪಿ ತೆಗೆದು ಹಿಡಿದು ನಿಂತಿದ್ದರು. ನಮ್ಮದು ಬೀಳುವಾಗ ನಿನ್ನ ಗಂಡ ನನ್ನ ಭುಜ ಹಿಡಿದಿದ್ದ. ಗಟ್ಟಿಯಾಗಿ ಹಿಡಿಯಲಿಲ್ಲ, ಬಿಡಲೂ ಇಲ್ಲ.

ಬೇರು ಕಿತ್ತ ಗುಂಡಿಗಳಿಗೆ ಜೇಡಿಮಣ್ಣು ತುಂಬಬೇಕಿತ್ತು. ಒಂದೇ ಸಲ ಸುರಿದರೆ ಆಗದಂತೆ. ಒಂದು ತೆಳು ಪದರ ಹಾಕಬೇಕು, ನೀರು ಚಿಮುಕಿಸಬೇಕು, ಗಟ್ಟಿಯಾಗುವವರೆಗೆ ತುಳಿಯಬೇಕು, ಮತ್ತೆ ಇನ್ನೊಂದು ಪದರ. ದೊಡ್ಡ ಯಂತ್ರ ಗುಂಡಿಯೊಳಗೆ ಇಳಿಯುವುದಿಲ್ಲ. ಎಂಜಿನಿಯರಮ್ಮ ಆಳುಗಳನ್ನು ಕರೆಸಿದ್ದಳು. ಬೇಕರಿಯವರು ಮಾತ್ರ, "ನಮ್ಮಪ್ಪನ ಗುಂಡಿ ನಾನೇ ತುಳಿತೀನಿ" ಎಂದು ಇಳಿದರು. ಅವರನ್ನು ನೋಡಿ ಎಲ್ಲ ಮನೆಯವರೂ ಅವರವರ ಗುಂಡಿಗೆ ಇಳಿದರು. ನನಗೆ ಈ ಮೊಣಕಾಲಿನಲ್ಲಿ ಇಳಿಯಲು ಎಲ್ಲಿ ಸಾಧ್ಯ? ಅಂಚಿನಲ್ಲಿ ನಿಂತಿದ್ದೆ. ನಿನ್ನ ಗಂಡ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ ಇಳಿದುಬಿಟ್ಟ. "ಬೇಡಪ್ಪಾ, ಆಳುಗಳಿದಾರೆ" ಎಂದೆ. "ನಿಮ್ಮ ಮಗನ್ನ ನಾನು ನೋಡ್ಲಿಲ್ಲ ಅಮ್ಮಾ. ಇದೊಂದಾದ್ರೂ ಮಾಡ್ತೀನಿ" ಎಂದ. ಸಂಜೆಯವರೆಗೂ ತುಳಿದ. ಹಲ್ಲಿನ ಕೆಲಸ ಮಾಡುವವನಿಗೆ ನಯ ಮಾಡುವುದು ಗೊತ್ತು, ಎಂಜಿನಿಯರಮ್ಮ ಎಲ್ಲ ಗುಂಡಿ ಪರೀಕ್ಷೆ ಮಾಡಿ ನಮ್ಮದೇ ಎಲ್ಲಕ್ಕಿಂತ ಗಟ್ಟಿ ಎಂದಳು. ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಲಾಂಡ್ರಿಯವಳು ನನ್ನ ಕಿವಿಯ ಹತ್ತಿರ ಬಂದು, "ಆಗಿನಿಂದ ಕೇಳ್ಬೇಕು ಅಂತಿದ್ದೆ, ಯಾರು ಅದು, ಅಷ್ಟು ಶ್ರದ್ಧೆಯಿಂದ ತುಳೀತಿರೋದು?" ಎಂದು ಕೇಳಿದಳು. "ನಮ್ಮ ಅಳಿಯ" ಎಂದೆ. ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಕೆರೆ ಇಳಿದಾಗ ನಡುವೆ ಉಳಿದ ನೀರಿನ ಹೊಂಡದಲ್ಲಿ ತೊಡೆಗಾತ್ರದ ಮೀನುಗಳು ಹೊರಳಾಡುತ್ತಿದ್ದವು. ಮಾಸ್ತರು ಅವನ್ನು ನೋಡಿ, "ಇಷ್ಟು ವರ್ಷ ಇಲ್ಲೇ ಇದ್ರೇನ್ರೋ?" ಎಂದು ಕೈ ಮುಗಿದರು. ಕೆಸರಿನಲ್ಲಿ ಒಂದು ಹಲ್ಲಿನ ಸೆಟ್ಟೂ ಸಿಕ್ಕಿತು. ನಿನ್ನ ಗಂಡ ತೊಳೆದು, ತಿರುಗಿಸಿ ನೋಡಿ, "ಕೆಲಸ ಬಹಳ ಚೆನ್ನಾಗಿದೆ, ಯಾರ ಕೈಯೋ" ಎಂದ.

ಅವನ ಜೊತೆ ಹಣ್ಣಿನ ಜಾಮು ಕಳಿಸಿದ್ದೇನೆ. ಬಸ್ಸಿನಲ್ಲಿ ಚೆಲ್ಲಿರದಿದ್ದರೆ ತಿನ್ನು.

ನಿನ್ನ ಅತ್ತೆ

*

ಜುಲೈ 3

ಅತ್ತೆಗೆ ನಮಸ್ಕಾರಗಳು.

ಅಮ್ಮ ಎಂದು ಬರೆಯಲು ಹೋದೆ. ಇವರನ್ನು ನೀವು ಅಳಿಯ ಎಂದಿರೆಂದು ಓದಿದ ದಿನದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಬರೆಯುವಾಗ ಕೈ ಒಪ್ಪಲಿಲ್ಲ. ನಿಮ್ಮನ್ನು ಅತ್ತೆ ಎಂದರೆ ಅವರೂ ಆ ಮಾತಿನೊಳಗೆ ಇರುತ್ತಾರೆ. ಅಮ್ಮ ಎಂದರೆ ನಾವಿಬ್ಬರೇ ಆಗಿಬಿಡುತ್ತೇವೆ. ಹಾಗಾಗಿ ನೀವು ನನಗೆ ಅತ್ತೆಯಾಗಿಯೇ ಇರಿ, ಇವರು ನಿಮಗೆ ಅಳಿಯನಾಗಿಯೇ ಇರಲಿ. ಇದು ಯಾವ ನೆಂಟಸ್ತಿಕೆ ಎಂದು ಕೇಳುವವರು ಬೇಕಾದರೆ ತಲೆ ಕೆಡಿಸಿಕೊಳ್ಳಲಿ.

ಜಾಮು ಚೆಲ್ಲಿರಲಿಲ್ಲ. ಮೊದಲ ವಾರ ಮುಚ್ಚಳ ತೆಗೆಯಲಿಲ್ಲ. ಆಮೇಲೆ ಒಂದು ಬೆಳಗ್ಗೆ ಇವರು ಏನೂ ಹೇಳದೆ ನನ್ನ ತಟ್ಟೆಗೆ ಹಾಕಿದರು. ತಿಂದೆ. ತಿನ್ನುತ್ತಲೇ ಅತ್ತುಬಿಟ್ಟೆ. ಸಿಹಿ ಸ್ವಲ್ಪ ಜಾಸ್ತಿಯಾಗಿದೆ, ಎಂದಿನಂತೆ.

ಇವರು ಊರಿನಿಂದ ಬಂದ ದಿನ ಉಗುರಿನಲ್ಲಿ ಏರಿಯ ಮಣ್ಣು ಇನ್ನೂ ಇತ್ತು. ಇವರಿಗೆ ಬಿಸಿನೀರು ಕಾಯಿಸಿ ಕೊಟ್ಟೆ, ಕಾಲು ನಾನೇ ತೊಳೆದೆ. ನನ್ನ ಬಾಳಿನಲ್ಲಿ ಇಬ್ಬರು ಒಳ್ಳೆಯ ಗಂಡಸರು ಬಂದರು. ಇಬ್ಬರನ್ನೂ ಕೊಟ್ಟವರು ನೀವು. ಒಬ್ಬರನ್ನು ಹೆತ್ತು ಕೊಟ್ಟಿರಿ, ಇನ್ನೊಬ್ಬರ ಕಡೆಗೆ ಬಸ್ಸು ಹತ್ತಿಸಿ ಕೊಟ್ಟಿರಿ. ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ತಿಳಿಯದಿದ್ದರೂ ಬರೆದಿದ್ದೇನೆ.

ಮಳೆ ಚೆನ್ನಾಗಿ ಬಂದಿದೆ, ಕೋಡಿಯ ಹತ್ತಿರಕ್ಕೆ ನೀರು ಬಂದಿದೆ, ಹಿಂಬದಿಯ ನೆಲ ಒಣಗಿದೆ ಎಂದು ಲಾಂಡ್ರಿಯವರು ಫೋನಿನಲ್ಲಿ ಹೇಳಿದರು. ದೋಣಿಗಳು ತೇಲುತ್ತಿವೆಯಂತೆ. ಏರಿಯ ಮೇಲೆ ಬರೀ ಹುಲ್ಲು ಇದೆಯಂತೆ. ಸಂಜೆ ನೀವು ಅಲ್ಲಿ ಹೋಗಿ ನಿಲ್ಲುತ್ತೀರಂತೆ.

ಮದುವೆಯಾದ ಮೇಲೆ ನಾನು ಒಂದು ಸಲವೂ ಊರಿಗೆ ಬರಲಿಲ್ಲ. ನೀವು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಕೆಲಸ ಎನ್ನುತ್ತಿದ್ದೆ. ಹೋಗಬೇಕು ಅನ್ನಿಸಿದಾಗಲೆಲ್ಲ ಅಲ್ಲಿ ಮರ ಇದೆಯಲ್ಲ, ಅತ್ತೆಯ ಜೊತೆ ಅವರಿದ್ದಾರಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಈಗ ಅಲ್ಲಿ ನೀವೊಬ್ಬರೇ ನಿಲ್ಲುತ್ತಿದ್ದೀರಿ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ.

ನಿಮ್ಮ ಸೊಸೆ